ಗುಡ್ಡದ ಜಾಗ ಅಳೆಯಲು ಅಗ್ಗದ ಲೇಸರ್ ಲೆವೆಲ್ ಸಾಕೇ?

ಪ್ರಶ್ನೆ: ಬದಿಯಡ್ಕದ ಸಮೀಪ ನಮಗೆ ಒಂದೂವರೆ ಎಕ್ರೆ ಗುಡ್ಡ ಜಾಗವಿದೆ. ಹಿಟಾಚಿ ತರಿಸಿ ತಟ್ಟು (ಮೆಟ್ಟಿಲಿನಂತೆ ಸಮ ಮಾಡಿದ ಜಾಗ) ಮಾಡಿ ಅಡಿಕೆ ಸಸಿ ನೆಡುವ ಯೋಚನೆ. ಅದಕ್ಕೆ ಮೊದಲು ಏರುತಗ್ಗನ್ನು ನಾವೇ ಅಳೆದುಕೊಳ್ಳಲು ಆನ್‌ಲೈನಿನಲ್ಲಿ ಸಿಗುವ ಕಡಿಮೆ ಬೆಲೆಯ ಹಸಿರು ಲೇಸರ್ ಲೆವೆಲ್ (ಮಟ್ಟ ನೋಡಲು ಬೆಳಕಿನ ನೇರ ಗೆರೆ ಬೀರುವ ಉಪಕರಣ) ಸಾಕಾಗಬಹುದೇ?

ಸಾಕಾಗುತ್ತದೆ, ಸಂಜೆ ಆರೂವರೆಯ ಮೇಲೆ. ಇದನ್ನು ನಾನು ದುಡ್ಡು ಕೊಟ್ಟೇ ಕಲಿತೆ. ಪೆಟ್ಟಿಗೆಯ ಮೇಲಿನ ‘16 ಗೆರೆ’ಗೆ ಮರುಳಾಗಿ ಒಂದನ್ನು ತರಿಸಿದ್ದೆ. ಬೆಳಗ್ಗೆ ಹತ್ತು ಗಂಟೆಗೆ ಗುಡ್ಡದಲ್ಲಿಟ್ಟು ನೋಡಿದರೆ ಹದಿನಾರರಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಕೆಂಪಿಗಿಂತ ಹಸಿರು ಕಣ್ಣಿಗೆ ಎದ್ದು ಕಾಣುವುದು ನಿಜ, ಆದರೆ ಬಿಸಿಲಿನ ಮುಂದೆ ಎರಡೂ ಸೋಲುತ್ತವೆ. ಅಷ್ಟು ಗೆರೆಗಳು ಬೇಕಾದದ್ದು ಮನೆಯೊಳಗೆ ಟೈಲ್ಸ್ ಹಾಕುವವರಿಗೆ. ನಮಗೆ ಅಡ್ಡಗೆರೆ ಒಂದಿದ್ದರೆ ಆಯಿತು.

ಹಗಲಿನಲ್ಲಿ ಅಳೆಯಬೇಕಾದರೆ ರಿಸೀವರ್ ಬೇಕು. ಅಳತೆ ಕೋಲಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ ಅದು. ಲೇಸರ್ ತಾಗಿದಾಗ ಸದ್ದು ಮಾಡುತ್ತದೆ. ಕೊಳ್ಳುವ ಮೊದಲು ಉಪಕರಣದಲ್ಲಿ ‘ಪಲ್ಸ್’ ವ್ಯವಸ್ಥೆ (ರಿಸೀವರ್ ಗುರುತಿಸುವಂತೆ ಬೆಳಕನ್ನು ಅತಿ ವೇಗವಾಗಿ ಮಿಡಿಸುವುದು) ಇದೆಯೇ, ರಿಸೀವರ್ ಅದೇ ಬಣ್ಣದ ಲೇಸರಿಗೆ ಹೊಂದುವಂಥದ್ದೇ ಎಂದು ಕೇಳಿ. ಸ್ಟ್ಯಾಂಡನ್ನೂ ಮರೆಯಬೇಡಿ. ಕ್ಯಾಮೆರಾ ಸ್ಟ್ಯಾಂಡಿನ ತಿರುಪು 1/4 ಇಂಚು, ಸರ್ವೆ ಸ್ಟ್ಯಾಂಡಿನದು 5/8 ಇಂಚು. ಒಂದಕ್ಕೊಂದು ಕೂರುವುದಿಲ್ಲ.

ಇನ್ನು ದೂರದ ಮಾತು. ತಲೆ ತಿರುಗುವ ರೋಟರಿ ಲೇಸರುಗಳು ನೂರಾರು ಮೀಟರ್ ದೂರ ಮುಟ್ಟುತ್ತವೆ, ಬೆಲೆಯೂ ಹಾಗೆಯೇ. ಆದರೆ ನಮ್ಮ ಗುಡ್ಡದಲ್ಲಿ ಆ ದೂರ ದಕ್ಕುವುದೇ ಇಲ್ಲ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಜಾಗ ಎಂದಿಟ್ಟುಕೊಳ್ಳಿ. ಒಂದೂವರೆ ಮೀಟರ್ ಎತ್ತರದ ಸ್ಟ್ಯಾಂಡಿನಿಂದ ಹೊರಟ ಬೆಳಕು ಮೇಲ್ಬದಿಗೆ 15 ಮೀಟರ್ ಹೋಗುವಷ್ಟರಲ್ಲಿ ನೆಲಕ್ಕೆ ಬಡಿಯುತ್ತದೆ. ಕೆಳಬದಿಗೆ 35 ಮೀಟರ್ ದಾಟಿದರೆ 5 ಮೀಟರಿನ ಕೋಲಿನ ತುದಿಯನ್ನೂ ಮೀರಿ ಮೇಲೆ ಹೋಗುತ್ತದೆ. ಯಾವ ಯಂತ್ರ ತಂದರೂ ಒಂದು ನಿಲುವಿಗೆ ಸಿಗುವುದು ಒಟ್ಟು 50 ಮೀಟರ್. ಮತ್ತೆ ಸ್ಟ್ಯಾಂಡ್ ಹೊತ್ತು ನಡೆಯಲೇಬೇಕು. ಹೀಗಿರುವಾಗ ದೂರಕ್ಕೆಂದು ಹೆಚ್ಚು ಹಣ ಸುರಿಯುವುದೇಕೆ?

ನಿಖರತೆಗೂ ಅಷ್ಟೇ. ಸಾಧಾರಣ ಲೇಸರ್ 10 ಮೀಟರಿಗೆ 3 ಮಿಲಿಮೀಟರ್ ತಪ್ಪಬಹುದು, 30 ಮೀಟರಿಗೆ 9. ಅಷ್ಟು ಉದ್ದದ ಕಣಿಗೆ (ನೀರು ಹರಿಯುವ ಕಾಲುವೆಗೆ) ನೀವು 15 ಸೆಂಟಿಮೀಟರ್ ಇಳಿಜಾರು ಕೊಡುವುದಾದರೆ ಆ ತಪ್ಪು ಲೆಕ್ಕಕ್ಕೇ ಬಾರದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ತಟ್ಟು ಗುಡ್ಡದ ಬದಿಗೆ ತುಸು ವಾಲಿದೆಯೇ, ಕಣಿಯಲ್ಲಿ ನೀರು ನಿಲ್ಲದೆ ಹರಿಯುತ್ತದೆಯೇ ಎಂಬುದಷ್ಟೇ ಮುಖ್ಯ.

ನನ್ನನ್ನು ಕೇಳಿದರೆ ಲೇಸರಿನ ಹಂಬಲ ಬಿಟ್ಟು ಆಟೋ ಲೆವೆಲ್ ಕೊಳ್ಳಿ, ಇಲ್ಲವೇ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ರಸ್ತೆ ಕೆಲಸದವರು ಒಂದು ಕಣ್ಣು ಮುಚ್ಚಿ ನೋಡುತ್ತಿರುತ್ತಾರಲ್ಲ, ಅದೇ ದುರ್ಬೀನು. ಬ್ಯಾಟರಿ ಬೇಡ, ಬಿಸಿಲಿನ ಭಯವಿಲ್ಲ. ದೂರವನ್ನೂ ಅದೇ ಹೇಳುತ್ತದೆ: ದುರ್ಬೀನಿನೊಳಗೆ ಕಾಣುವ ಮೇಲಿನ ಮತ್ತು ಕೆಳಗಿನ ಗಿಡ್ಡ ಗೆರೆಗಳು ಕೋಲಿನ ಮೇಲೆ ತೋರಿಸುವ ಅಂಕಿಗಳ ವ್ಯತ್ಯಾಸವನ್ನು ನೂರರಿಂದ ಗುಣಿಸಿದರೆ ಆಯಿತು. 0.23 ಬಂದರೆ 23 ಮೀಟರ್. ಒಂದೇ ತೊಂದರೆ ಎಂದರೆ ಕೋಲು ಹಿಡಿಯಲು ಇನ್ನೊಬ್ಬರು ಬೇಕು. ಮನೆಯಲ್ಲಿ ಅಂಥವರು ಯಾರೂ ಸಿಗದಿದ್ದರೆ ಮಾತ್ರ ರಿಸೀವರ್ ಇರುವ ಲೇಸರ್. ನಾಲ್ಕಾರು ತಟ್ಟುಗಳ ಕೆಲಸವಾದರೆ ಮೇಸ್ತ್ರಿಯವರ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಒಳಗೆ ಗಾಳಿಗುಳ್ಳೆ ಉಳಿಯದಿರಲಿ.

ಅಂದಹಾಗೆ, ಇವುಗಳಲ್ಲಿ ಯಾವುದೂ ನಿಮ್ಮ ಜಾಗದ ಗಡಿ ಹೇಳುವುದಿಲ್ಲ. ಬೇಲಿಯ ತಕರಾರಿದ್ದರೆ ಸರ್ವೆಯರೇ ಬರಬೇಕು.

ಯಾವುದನ್ನೇ ತಂದರೂ ಮೊದಲ ದಿನವೇ ಪರೀಕ್ಷಿಸಿ. ಸಾಧಾರಣ ಸಮವಾದ ನೆಲದಲ್ಲಿ 30 ಮೀಟರ್ ಅಂತರಕ್ಕೆ ಎರಡು ಗೂಟ ಹೊಡೆಯಿರಿ. ಸರಿ ನಡುವೆ ಯಂತ್ರವಿಟ್ಟು, ಅದರ ಒಂದೇ ಮುಖವನ್ನು ಎರಡೂ ಗೂಟಗಳತ್ತ ತಿರುಗಿಸುತ್ತ, ಎರಡರ ಮೇಲೂ ಕೋಲಿಟ್ಟು ಓದಿ. ಯಂತ್ರ ಕೆಟ್ಟಿದ್ದರೂ ಆಗ ಸಿಗುವ ಎತ್ತರದ ವ್ಯತ್ಯಾಸ ಸರಿಯೇ ಇರುತ್ತದೆ, ತಪ್ಪು ಎರಡೂ ಕಡೆ ಸಮನಾಗಿ ಬೀಳುವುದರಿಂದ. ಆಮೇಲೆ ಒಂದು ಗೂಟದ ಹತ್ತಿರಕ್ಕೆ ಸರಿದು ಮತ್ತೆ ಎರಡನ್ನೂ ಓದಿ. ಈ ಸಲದ ವ್ಯತ್ಯಾಸ ಮೊದಲಿನದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಬೇರೆಯಾದರೆ ಹಿಟಾಚಿಯವನಿಗೆ ಫೋನ್ ಮಾಡುವ ಮೊದಲು ಅಂಗಡಿಯವನಿಗೆ ಮಾಡಿ.