ಎಲ್‌ಪಿ, ಸಿಡಿ, ಟೇಪುಗಳ ಸಂಗ್ರಹಕ್ಕೆ ವಿಮೆ: ಮೊದಲು ಪಟ್ಟಿ, ಆಮೇಲೆ ಪಾಲಿಸಿ

ಮನೆ ಸಾಮಾನಿಗೆ ವಿಮೆ ಮಾಡಿಸಿದವರು ಟಿವಿ, ಫ್ರಿಜ್, ಒಡವೆಗಳ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಾರೆ. ಗೋಡೆಯುದ್ದಕ್ಕೂ ಜೋಡಿಸಿಟ್ಟ ಎಲ್‌ಪಿ, ಸಿಡಿ, ಬ್ಲೂ-ರೇಗಳ ಸಂಖ್ಯೆ ಕೇಳಿದರೆ ಮಾತ್ರ ‘ಒಂದು ಸಾವಿರ ಇರಬಹುದು’ ಎನ್ನುತ್ತಾರೆ. ಕ್ಲೇಮ್ ಪರಿಶೀಲನೆಗೆ ಬರುವ ಸರ್ವೇಯರ್‌ಗೆ ‘ಇರಬಹುದು’ ಎಂಬುದು ಲೆಕ್ಕವಲ್ಲ. ಪ್ರತಿ ವಸ್ತುವಿಗೂ ಅವರು ಕೇಳುವುದು ಮೂರೇ ಪ್ರಶ್ನೆ: ಇದು ನಿಮ್ಮ ಬಳಿ ಇತ್ತೇ, ಯಾವ ಸ್ಥಿತಿಯಲ್ಲಿತ್ತು, ಇವತ್ತು ಅಂಥದ್ದೇ ಇನ್ನೊಂದನ್ನು ಕೊಳ್ಳಲು ಎಷ್ಟು ಬೇಕು. ಮೂರಕ್ಕೂ ದಾಖಲೆ ಇದ್ದರೆ ಪರಿಹಾರ ಸಿಗುತ್ತದೆ. ಇಲ್ಲದಿದ್ದರೆ ಚೌಕಾಸಿ ಶುರುವಾಗುತ್ತದೆ, ಚೌಕಾಸಿಯಲ್ಲಿ ಸೋಲುವುದು ಸಾಮಾನ್ಯವಾಗಿ ಪಾಲಿಸಿದಾರರೇ.

ಪಾಲಿಸಿ ಹುಡುಕುವ ಮೊದಲು ಸಂಗ್ರಹವನ್ನು ಮೂರು ಪಾಲು ಮಾಡಿ. ಈಗಲೂ ಹೊಸದಾಗಿ ಸಿಗುವ ಡಿಸ್ಕುಗಳಿಗೆ ಮನೆ ಸಾಮಾನಿನ ಸಾಮಾನ್ಯ ವಿಮೆಯೇ ಸಾಕು. ಅಚ್ಚು ನಿಂತುಹೋದವು, ಮೊದಲ ಮುದ್ರಣದವು, ಸೀಮಿತ ಆವೃತ್ತಿಯ ಬಾಕ್ಸ್ ಸೆಟ್ಟುಗಳು ಎರಡನೆಯ ಪಾಲು. ಇವಕ್ಕೆ ಬೆಲೆ ಇರುವುದು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾತ್ರ, ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಪಾಲಿಸಿಯಲ್ಲಿ ಸೇರಿಸಬೇಕು. ಮೂರನೆಯದು ಅಜ್ಜಿಯ ದನಿ ಇರುವ ಕ್ಯಾಸೆಟ್, ಮದುವೆಯ ವಿಎಚ್‌ಎಸ್, 8 ಎಂಎಂ ರೀಲು. ವಿಮಾ ಕಂಪನಿಯ ಲೆಕ್ಕದಲ್ಲಿ ಅದು ಬರೀ ಕ್ಯಾಸೆಟ್. ಪರಿಹಾರ ಬಂದರೂ ಖಾಲಿ ಕ್ಯಾಸೆಟ್ಟಿನ ಬೆಲೆಯೇ ಬರುತ್ತದೆ. ಈ ಪಾಲಿಗೆ ಪ್ರೀಮಿಯಂ ಕಟ್ಟುವುದು ದಂಡ. ಆ ದುಡ್ಡನ್ನು ನಕಲು ಮಾಡಿಸುವುದಕ್ಕೆ ಹಾಕಿ.

ಇನ್ನು ಪಟ್ಟಿ. ಗಾಯಕರ ಹೆಸರು, ಆಲ್ಬಮ್ಮಿನ ಹೆಸರು ಬರೆದರೆ ಕೆಲಸ ಮುಗಿಯಲಿಲ್ಲ. ಒಂದೇ ಆಲ್ಬಮ್ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಹತ್ತಾರು ಸಲ ಅಚ್ಚಾಗಿರುತ್ತದೆ. ಮೊದಲ ಮುದ್ರಣಕ್ಕೂ ಇತ್ತೀಚಿನ ಮರುಮುದ್ರಣಕ್ಕೂ ಬೆಲೆಯಲ್ಲಿ ಅಜಗಜಾಂತರ. ಯಾವುದು ಯಾವ ಮುದ್ರಣ ಎಂಬುದನ್ನು ಕವರು ಹೇಳುವುದಿಲ್ಲ, ಡಿಸ್ಕೇ ಹೇಳಬೇಕು. ಎಲ್‌ಪಿಯ ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ಮುನ್ನ ಬರುವ ಖಾಲಿ ಪಟ್ಟಿಯಲ್ಲಿ ಅಕ್ಷರ, ಅಂಕಿಗಳನ್ನು ಕೊರೆದಿರುತ್ತಾರೆ. ನೇರ ಬೆಳಕಿನಲ್ಲಿ ಅವು ಕಾಣಿಸುವುದಿಲ್ಲ. ಟಾರ್ಚನ್ನು ಡಿಸ್ಕಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತವೆ. ಸಿಡಿಯಲ್ಲಾದರೆ ಹೊಳೆಯುವ ಬದಿಯ ಒಳವೃತ್ತದಲ್ಲಿ, ನಡುವಿನ ತೂತಿನ ಸುತ್ತ ಇಂಥ ಸಂಖ್ಯೆ ಇರುತ್ತದೆ. 1994ರ ನಂತರದ ಎಷ್ಟೋ ಡಿಸ್ಕುಗಳಲ್ಲಿ ಅಲ್ಲೇ ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಪಿಐನ ಸಂಕೇತವೂ ಸಿಗುತ್ತದೆ; ಅಚ್ಚುಹಾಕಿದ ಕಾರ್ಖಾನೆಯನ್ನು ಪತ್ತೆ ಹಚ್ಚಲು ಅದು ದಾರಿ.

ಹಾಗಾಗಿ ಸ್ಪ್ರೆಡ್‌ಶೀಟಿನಲ್ಲಿ ಶೀರ್ಷಿಕೆಯ ಜೊತೆಗೆ ಲೇಬಲ್, ಕ್ಯಾಟಲಾಗ್ ಸಂಖ್ಯೆ, ಬಾರ್‌ಕೋಡ್, ಈ ಕೊರೆದ ಸಂಖ್ಯೆ, ಡಿಸ್ಕಿನ ಸ್ಥಿತಿ, ಕವರಿನ ಸ್ಥಿತಿ, ಕೊಂಡ ದಿನ, ಕೊಟ್ಟ ಬೆಲೆ, ಇಂದಿನ ಬೆಲೆ ಇಷ್ಟಕ್ಕೂ ಒಂದೊಂದು ಕಾಲಂ ಬೇಕು. ಎಲ್ಲವನ್ನೂ ಕೈಯಲ್ಲಿ ಟೈಪ್ ಮಾಡಬೇಕಿಲ್ಲ. ಡಿಸ್ಕುಗಳ ಮುದ್ರಣ ವಿವರಗಳನ್ನು ಕಲೆಹಾಕಿರುವ ಡಿಸ್ಕಾಗ್ಸ್ ತಾಣದಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಅಥವಾ ಕ್ಯಾಟಲಾಗ್ ಸಂಖ್ಯೆ ಕೊಟ್ಟು ಸರಿಯಾದ ಮುದ್ರಣವನ್ನು ಆರಿಸಿಕೊಂಡರೆ ಸಂಗ್ರಹದ ಪಟ್ಟಿ ತಾನಾಗಿ ಬೆಳೆಯುತ್ತದೆ, ಅದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಲ್ಲ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಬಾರ್‌ಕೋಡ್ ಒಂದನ್ನೇ ನಂಬಬೇಡಿ. ಒಂದೇ ಬಾರ್‌ಕೋಡ್ ಹಲವು ಮುದ್ರಣಗಳ ಮೇಲೆ ಇರುತ್ತದೆ.

ಬೆಲೆ ಬರೆಯುವಾಗ ಮಾರಾಟಗಾರರು ಕೇಳುತ್ತಿರುವ ಬೆಲೆಯಲ್ಲ, ನಿಜವಾಗಿ ಮಾರಾಟವಾದ ಬೆಲೆಯೇ ಆಧಾರ. ಸ್ಥಿತಿಯನ್ನು ಗೋಲ್ಡ್‌ಮೈನ್ ಎಂಬ ಅಮೆರಿಕದ ಪತ್ರಿಕೆಯ ಶ್ರೇಣಿಯಲ್ಲಿ ಬರೆಯಿರಿ. ವ್ಯಾಪಾರಿಗಳು ಸಾಮಾನ್ಯವಾಗಿ ನೋಡುವುದು ಅದನ್ನೇ. ಆ ಲೆಕ್ಕದಲ್ಲಿ ‘ವೆರಿ ಗುಡ್ ಪ್ಲಸ್’ ಡಿಸ್ಕಿಗೆ ‘ನಿಯರ್ ಮಿಂಟ್’, ಅಂದರೆ ಹೆಚ್ಚುಕಡಿಮೆ ಹೊಸದರಂತಿರುವ ಡಿಸ್ಕಿನ ಬೆಲೆಯ ಸುಮಾರು ಅರ್ಧ, ‘ವೆರಿ ಗುಡ್’ಗೆ ಸುಮಾರು ಕಾಲು ಭಾಗ. ಎಲ್ಲಕ್ಕೂ ‘ನಿಯರ್ ಮಿಂಟ್’ ಎಂದು ಬರೆದ ಪಟ್ಟಿಯನ್ನು ಕಂಡ ಕೂಡಲೇ ಸರ್ವೇಯರ್‌ಗೆ ಅನುಮಾನ ಬರುತ್ತದೆ, ಬರಬೇಕಾದದ್ದೇ.

ಫೋಟೋಗಳಿಗೆ ಒಂದೇ ನಿಯಮ: ಒಂದು ಫೋಟೋಗೆ ಕಪಾಟಿನ ಒಂದೇ ಅಂಕಣ, ಹಿಗ್ಗಿಸಿದಾಗ ಬೆನ್ನಿನ ಮೇಲಿನ ಹೆಸರು ಓದುವಂತಿರಬೇಕು. ಬೆಲೆಬಾಳುವವಕ್ಕೆ ಮುಂಬದಿ, ಹಿಂಬದಿ, ಲೇಬಲ್, ಕೊರೆದ ಸಂಖ್ಯೆ ಹೀಗೆ ನಾಲ್ಕು ಚಿತ್ರ. ಟರ್ನ್‌ಟೇಬಲ್, ಆಂಪ್ಲಿಫೈಯರ್‌ಗಳ ಹಿಂದಿರುವ ಸೀರಿಯಲ್ ಸಂಖ್ಯೆಯನ್ನೂ ಬಿಡಬೇಡಿ. ಪಟ್ಟಿ, ಫೋಟೋ, ರಸೀದಿಗಳು ಕಪಾಟಿನ ಪಕ್ಕದ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಡಿಸ್ಕುಗಳ ಜೊತೆಗೇ ಸುಟ್ಟುಹೋಗುತ್ತವೆ. ಮನೆಯ ಹೊರಗೆ ಒಂದು ಪ್ರತಿ ಇರಲೇಬೇಕು.

ಪಾಲಿಸಿಯಲ್ಲಿ ದೊಡ್ಡ ಅಕ್ಷರದಲ್ಲಿರುವ ವಿಮಾ ಮೊತ್ತಕ್ಕಿಂತ ಸಣ್ಣ ಅಕ್ಷರದ ಷರತ್ತುಗಳೇ ಮುಖ್ಯ. ಹೆಚ್ಚು ಜನ ಎಡವುವುದು ಕಡಿಮೆ ವಿಮೆಯ ಷರತ್ತಿನಲ್ಲಿ. ಮನೆ ಸಾಮಾನಿನ ನಿಜವಾದ ಬೆಲೆ 100 ಎಂದುಕೊಳ್ಳಿ, ನೀವು ವಿಮೆ ಮಾಡಿಸಿದ್ದು 60ಕ್ಕೆ. ಪೈಪು ಒಡೆದು 30ರಷ್ಟು ನಷ್ಟವಾಯಿತು. ನಷ್ಟ 60ರೊಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಎಂದುಕೊಂಡರೆ ತಪ್ಪು. ಈ ಷರತ್ತಿದ್ದರೆ ನೂರಕ್ಕೆ ಅರವತ್ತರ ಅನುಪಾತದಲ್ಲಿ 18 ಮಾತ್ರ ಸಿಗುತ್ತದೆ, ಅದರಲ್ಲೂ ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕೆಂದು ಪಾಲಿಸಿ ಹೇಳುವ ಮೊತ್ತದ ಕಡಿತ ಬೇರೆ. ವರ್ಷವರ್ಷವೂ ಬೆಳೆಯುವ ಸಂಗ್ರಹಕ್ಕೆ ಹಳೆಯ ಮೊತ್ತದಲ್ಲೇ ಪಾಲಿಸಿ ನವೀಕರಿಸುತ್ತಾ ಹೋದವರ ಗತಿ ಇದೇ.

ಏಜೆಂಟರಿಂದ ಬರಹದಲ್ಲಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಇನ್ನೂ ಇವೆ. ಒಂದು ವಸ್ತುವಿಗೆ ಗರಿಷ್ಠ ಎಷ್ಟು, ‘ಸಂಗ್ರಹ’ ಎಂದು ಕರೆಯಲಾಗುವ ಗುಂಪಿಗೆ ಒಟ್ಟು ಎಷ್ಟು? ಹಳೆಯದಕ್ಕೆ ಹೊಸದರ ಬೆಲೆಯೋ, ಸವಕಳಿ ಕಳೆದೋ? ಹಳೆಯದಾದಷ್ಟೂ ಬೆಲೆ ಏರುವ ಎಲ್‌ಪಿಗೆ ಸೋಫಾದ ಹಾಗೆ ಸವಕಳಿ ಹಾಕುವ ಪಾಲಿಸಿ ಸಂಗ್ರಾಹಕರಿಗೆ ಕೆಲಸಕ್ಕೆ ಬಾರದು. ಅಂಥವಕ್ಕೆ ಅಗ್ರೀಡ್ ವ್ಯಾಲ್ಯೂ, ಅಂದರೆ ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಬೇಕು. ಅದಕ್ಕೆ ಮೌಲ್ಯಮಾಪಕರ ಪತ್ರ ಕೇಳಬಹುದು. ಹತ್ತು ಡಿಸ್ಕಿನ ಸೆಟ್ಟಿನಲ್ಲಿ ಎರಡು ಹಾಳಾದರೆ ಇಡೀ ಸೆಟ್ಟಿನ ಬೆಲೆಯೋ, ಎರಡರದ್ದೋ? ಪ್ರವಾಹ ಸೇರಿದೆಯೇ? ಪೈಪು ಒಡೆದು ನುಗ್ಗಿದ ನೀರಿಗೆ ಒಪ್ಪುವ ಪಾಲಿಸಿ ನೆರೆ ನೀರಿಗೆ ಒಪ್ಪದೇ ಇರಬಹುದು.

ನಿಧಾನವಾಗಿ ಆಗುವ ಹಾಳು ಸಾಮಾನ್ಯವಾಗಿ ಯಾವ ಪಾಲಿಸಿಯಲ್ಲೂ ಇಲ್ಲ. ಬೂಷ್ಟು, ಗೆದ್ದಲು, ಇಲಿ, ತೇವ, ಸವೆತ, ಬಿಸಿಲಿಗೆ ಬಾಗಿದ ಎಲ್‌ಪಿ, ತಾನಾಗಿ ಕಂದಿದ ಸಿಡಿ ಇವೆಲ್ಲ ಹೊರಗೆ. ಹಾರ್ಡ್ ಡಿಸ್ಕು ಕೆಟ್ಟರೆ ಪೆಟ್ಟಿಗೆಯ ಬೆಲೆ ಬಂದರೂ ಬರಬಹುದು, ಒಳಗಿನ ಕಡತಗಳದ್ದು ಬರುವುದು ಅಪರೂಪ. ಆನ್‌ಲೈನಿನಲ್ಲಿ ‘ಕೊಂಡ’ ಸಿನಿಮಾ ಹೆಚ್ಚಿನಂಶ ನೋಡುವ ಪರವಾನಗಿ ಮಾತ್ರ. ಕಂಪನಿ ಅದನ್ನು ಹಿಂತೆಗೆದರೆ ಮನೆ ವಿಮೆಯಲ್ಲಿ ಕ್ಲೇಮ್ ಮಾಡಲು ವಸ್ತುವೇ ಇರುವುದಿಲ್ಲ.

ವಿಮೆ ಕೈಬಿಟ್ಟ ಜಾಗದಲ್ಲಿ ನಕಲು ಕೈಹಿಡಿಯಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ: 3-2-1 ಎಂಬ ಈ ಪದ್ಧತಿ ಛಾಯಾಗ್ರಾಹಕರಲ್ಲಿ ಬಳಕೆಗೆ ಬಂದು ಈಗ ಎಲ್ಲರದ್ದಾಗಿದೆ. 2008ರ ಜೂನ್ 1ರಂದು ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಹತ್ತಿದ ಬೆಂಕಿಯಲ್ಲಿ ಧ್ವನಿಮುದ್ರಣಗಳ ಮೂಲ ಟೇಪುಗಳೇ ಸುಟ್ಟುಹೋದವು. ಎಲ್ಲವೂ ಒಂದೇ ಕಟ್ಟಡದಲ್ಲಿದ್ದರೆ ದೊಡ್ಡ ಸಂಸ್ಥೆಯಾದರೂ ಇಷ್ಟೇ. ಸಿಡಿಯನ್ನು ಧ್ವನಿಯ ಗುಣ ಕುಂದದಂತೆ ಕುಗ್ಗಿಸುವ ಎಫ್‌ಎಲ್‌ಎಸಿ ರೂಪಕ್ಕೆ ಇಳಿಸಿದರೆ ಒಂದಕ್ಕೆ ಸುಮಾರು 300ರಿಂದ 400 ಎಂಬಿ, ಸಾವಿರ ಸಿಡಿಗೆ 400 ಜಿಬಿ ಆಸುಪಾಸು. ಅಷ್ಟು ಜಾಗ ಈಗ ಅಂಗೈಯಗಲದ ಡ್ರೈವಿನಲ್ಲಿದೆ. ಈ ರೂಪದ ಕಡತದೊಳಗೆ ಧ್ವನಿಯ ಮಾಹಿತಿಯಿಂದ ಲೆಕ್ಕಹಾಕಿದ ಎಂಡಿ5 ಎಂಬ ಗುರುತು ಸಂಖ್ಯೆಯೂ ಇರುವುದರಿಂದ, ಕಡತ ಹಾಳಾಗಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬಹುದು. ಸ್ವಂತ ಡಿಸ್ಕಿನ ನಕಲು ಮಾಡಿಕೊಳ್ಳುವ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನು ತಿಳಿದುಕೊಂಡೇ ಮುಂದುವರಿಯಿರಿ. ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲಿ ಒಟ್ಟಿಗೇ ಬರೆಯುವ ರೇಡ್ ಜೋಡಣೆಯನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಒಂದು ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ತಪ್ಪಿ ಅಳಿಸಿದ್ದನ್ನು, ರಾನ್ಸಮ್‌ವೇರ್ ಬೀಗ ಹಾಕಿದ್ದನ್ನು ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಹಾಳು ಮಾಡುತ್ತದೆ. ಒಂದು ಪ್ರತಿಯ ಕೇಬಲ್ ಸದಾ ಕಳಚಿಯೇ ಇರಲಿ.

‘ಬೆಂಕಿ ತಾಳುವ’ ತಿಜೋರಿ ಕೊಂಡು ನಿಶ್ಚಿಂತರಾದವರು ಅದರ ಮೇಲಿನ ಚೀಟಿಯನ್ನು ಒಮ್ಮೆ ಓದಬೇಕು. ಮನೆ ಬಳಕೆಯ ತಿಜೋರಿಗಳಲ್ಲಿ ಬಹುಪಾಲು ಕಾಗದಕ್ಕೆ ಮಾಡಿದವು. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುಎಲ್‌ನ 72ನೇ ಮಾನದಂಡದ 350 ವರ್ಗ ಎಂದರೆ ಒಳಗಿನ ಬಿಸಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 177 ಡಿಗ್ರಿ ಸೆಲ್ಸಿಯಸ್ ಮೀರದು ಎಂಬ ಭರವಸೆ. ಆ ಬಿಸಿಗೆ ಕಾಗದ ಉಳಿಯುತ್ತದೆ, ಟೇಪು, ಎಲ್‌ಪಿ, ಡಿಸ್ಕು ಯಾವುದೂ ಉಳಿಯುವುದಿಲ್ಲ. ಮೇಲಾಗಿ ಇಂಥ ತಿಜೋರಿಯ ಗೋಡೆಯೊಳಗಿನ ತುಂಬು ಪದಾರ್ಥ ಬಿಸಿಯೇರಿದಾಗ ತನ್ನಲ್ಲಿರುವ ನೀರನ್ನು ಆವಿಯಾಗಿ ಬಿಟ್ಟು ಒಳಗನ್ನು ತಂಪಿಡುತ್ತದೆ. ಕಾಗದವನ್ನು ಉಳಿಸುವ ಆ ಹಬೆಯಲ್ಲೇ ಟೇಪು ಬೇಯುತ್ತದೆ. ಟೇಪು, ಡಿಸ್ಕುಗಳಂಥ ಮಾಧ್ಯಮಕ್ಕೆ ಬೇಕಾದದ್ದು 125 ವರ್ಗ: ಒಳಗೆ 52 ಡಿಗ್ರಿ ಸೆಲ್ಸಿಯಸ್, ಶೇ. 80 ತೇವಾಂಶದ ಮಿತಿ. ಯುರೋಪಿನ ಇಎನ್ 1047-1 ಗುರುತಿದ್ದರೆ ಪಿ ಅಕ್ಷರ ಕಾಗದಕ್ಕೆ, ಡಿ ಮತ್ತು ಡಿಐಎಸ್ ಮಾಧ್ಯಮಕ್ಕೆ. ಬೆಲೆ ದುಬಾರಿ, ತೂಕವೂ ವಿಪರೀತ. ಬರೀ ನಕಲಿನ ಡ್ರೈವ್ ಇಡುವುದಕ್ಕಾದರೆ ಬೇರೆ ಊರಿನ ಬಂಧುಗಳ ಮನೆಯೇ ಇದಕ್ಕಿಂತ ಅಗ್ಗ.

ಬೆಂಕಿಗಿಂತ ನೀರಿನ ಕಾಟವೇ ಹೆಚ್ಚು, ಬೆಂಕಿ ಆರಿಸುವುದೂ ನೀರಿನಿಂದಲೇ. ಕಪಾಟಿನ ಕೆಳ ಅಂಕಣ ನೆಲದಿಂದ ಕನಿಷ್ಠ ಒಂದು ಗೇಣು ಮೇಲಿರಲಿ. ಬಚ್ಚಲಿನ ಗೋಡೆಗೆ, ನೀರಿನ ಪೈಪಿಗೆ ತಾಗಿಸಿ ಇಡಬೇಡಿ. ಎಲ್‌ಪಿ ನೆಟ್ಟಗೆ ನಿಲ್ಲಬೇಕು, ವಾಲಿದರೆ ಬಾಗುತ್ತದೆ. ಒಂದು ಮೀಟರ್ ಉದ್ದದ ಸಾಲು 50 ಕಿಲೋ ಮೀರುವುದರಿಂದ ಪುಸ್ತಕದ ತೆಳು ಹಲಗೆ ತಾಳುವುದಿಲ್ಲ. ಹೊರಗವಚ ಪಿವಿಸಿಯದ್ದಾದರೆ ವರ್ಷಗಳಲ್ಲಿ ಡಿಸ್ಕಿನ ಮೇಲೆ ಮಂಜಿನಂಥ ಕಲೆ ಬಿಡಬಹುದು, ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಕವಚ ವಾಸಿ. ಸಿಡಿಯ ಮಾಹಿತಿ ಪದರ ಇರುವುದು ಹೆಸರು ಅಚ್ಚಾದ ಬದಿಗೆ ಅಂಟಿಕೊಂಡು, ತೆಳು ಲ್ಯಾಕರ್ ಕೆಳಗೆ. ಹೊಳೆಯುವ ಬದಿಯ ಗೀರನ್ನು ಉಜ್ಜಿ ಸರಿಪಡಿಸಬಹುದು, ಹೆಸರಿನ ಬದಿಯ ಗೀರಿಗೆ ಮದ್ದಿಲ್ಲ.

ಅನಾಹುತ ಆಗಿಯೇಹೋದರೆ ಮೊದಲು ಕರೆಂಟು ತೆಗೆಯಿರಿ, ಯಾವುದನ್ನೂ ಮುಟ್ಟುವ ಮುನ್ನ ಫೋಟೋ ತೆಗೆಯಿರಿ, ಅದೇ ದಿನ ಕಂಪನಿಗೆ ತಿಳಿಸಿ. ಕಳ್ಳತನವಾದರೆ ಪೊಲೀಸ್ ದೂರಿನ ಪ್ರತಿ ಬೇಕು. ಸರ್ವೇಯರ್ ಬರಲಿ ಎಂದು ಒದ್ದೆ ಡಿಸ್ಕುಗಳನ್ನು ಹಾಗೇ ಬಿಡುವುದೂ ತಪ್ಪು. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ, ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಡಿಸ್ಕನ್ನು ಒದ್ದೆ ಕವರಿನಿಂದ ಹೊರತೆಗೆದು ಶುದ್ಧ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಅರಗಿನ ಹಳೆಯ 78 ವೇಗದ ತಟ್ಟೆಗಳಿಗೆ ಆಲ್ಕೋಹಾಲ್ ತಾಗಿಸಲೇಬಾರದು, ಅರಗು ಕರಗುತ್ತದೆ. ನುಣುಪು ಕಾಗದದ ಕಿರುಪುಸ್ತಿಕೆಗಳನ್ನು ಒದ್ದೆ ಇರುವಾಗಲೇ ಹಾಳೆ ಬಿಡಿಸಬೇಕು, ಒಣಗಿದರೆ ಇಟ್ಟಿಗೆಯಾಗುತ್ತವೆ. ಪುರುಸೊತ್ತಿಲ್ಲದಿದ್ದರೆ ಫ್ರೀಜರಿನಲ್ಲಿಟ್ಟು ಆಮೇಲೆ ನೋಡಬಹುದು. ಟೇಪನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಒದ್ದೆಯಲ್ಲಿ ಪ್ಲೇಯರಿಗೆ ತೂರಿಸಬೇಡಿ. ಕೆಸರು ಹೊಕ್ಕಿದ್ದರೆ ಅದು ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲೇ ಇಟ್ಟು ಟೇಪು ದುರಸ್ತಿ ಬಲ್ಲವರಿಗೆ ತಲುಪಿಸಿ.

ಸರ್ವೇಯರ್ ನೋಡಿ ಬರೆದುಕೊಳ್ಳುವವರೆಗೆ ಕೆಟ್ಟ ಒಂದು ಕವರನ್ನೂ ಬಿಸಾಡಬೇಡಿ. ಪೂರ್ತಿ ಪರಿಹಾರ ಕೊಟ್ಟ ವಸ್ತುವಿನ ಅವಶೇಷ ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ. ಕವರು ಹೋಗಿ ಡಿಸ್ಕು ಚೆನ್ನಾಗಿಯೇ ಉಳಿದಿದ್ದರೆ, ಅವಶೇಷದ ಬೆಲೆ ಕಳೆದು ಅದನ್ನು ನೀವೇ ಇಟ್ಟುಕೊಳ್ಳುವುದಾಗಿ ಸಹಿ ಹಾಕುವ ಮೊದಲೇ ಬರೆದುಕೊಡಿ.