ಎಕ್ಸ್, ವೈ ಮತ್ತು ಕ್ಯಾನ್ಸರ್: ನೂರು ವರ್ಷ ದೂರವಿದ್ದ ಎರಡು ಪ್ರಶ್ನೆಗಳು

ಗಂಡಸರಿಗೆ ವಯಸ್ಸಾಗುತ್ತಾ ಹೋದಂತೆ ರಕ್ತದ ಕೆಲವು ಜೀವಕೋಶಗಳಿಂದ ವೈ ಕ್ರೋಮೋಸೋಮ್ (ಗಂಡಸರಲ್ಲಿ ಎಕ್ಸ್ ಜೊತೆ ಇರುವ, ಜೀನ್‌ಗಳನ್ನು ಹೊತ್ತ ಒಂದು ಎಳೆ) ಕಳೆದುಹೋಗುತ್ತದೆ. ಇದು ಅಪರೂಪದ ಸಂಗತಿಯೇನಲ್ಲ. ಜನರ ಆರೋಗ್ಯದ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿರುವ 2 ಲಕ್ಷಕ್ಕೂ ಹೆಚ್ಚು ಗಂಡಸರ ಮಾಹಿತಿಯನ್ನು ನೋಡಿದಾಗ, ಐವರಲ್ಲಿ ಒಬ್ಬರಿಗೆ ಹೀಗಾಗಿರುವುದು ಕಂಡಿತು. 2019ರಲ್ಲಿ ಪ್ರಕಟವಾದ ಲೆಕ್ಕ ಇದು. ಆದರೆ ವೈ ಹೀಗೆ ಕಾಣೆಯಾಗುವುದನ್ನು ವಿಜ್ಞಾನಿಗಳು 1960ರ ದಶಕದಲ್ಲೇ ಗಮನಿಸಿದ್ದರು. ಮುಪ್ಪಿನ ಜೊತೆ ಬರುವ ಸಣ್ಣ ಬದಲಾವಣೆ, ಅದರಿಂದ ತೊಂದರೆಯಿಲ್ಲ ಅಂತ ಸುಮ್ಮನಾದರು. ಅದಕ್ಕೂ ಕ್ಯಾನ್ಸರಿಗೂ ನಂಟಿರಬಹುದೇ ಎಂದು ಗಟ್ಟಿಯಾಗಿ ಕೇಳಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಇಷ್ಟು ತಡ ಯಾಕಾಯಿತು? ಅದು ತಿಳಿಯಬೇಕಾದರೆ ಶುರುವಿನಿಂದ ನೋಡಬೇಕು.

1905ರಲ್ಲಿ ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನಲ್ಲಿ ಬೆಳೆಯುವ ಹುಳುವಿನ ಕ್ರೋಮೋಸೋಮ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತಿದ್ದರು. ಹೆಣ್ಣಿನಲ್ಲಿ 20 ದೊಡ್ಡ ಕ್ರೋಮೋಸೋಮ್‌ಗಳು. ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ವೀರ್ಯಾಣುಗಳಲ್ಲಿ ಅರ್ಧಕ್ಕೆ 10 ದೊಡ್ಡವು ಹೋಗುತ್ತವೆ. ಉಳಿದ ಅರ್ಧಕ್ಕೆ 9 ದೊಡ್ಡವು, ಜೊತೆಗೆ ಆ ಪುಟ್ಟದು. ಪುಟ್ಟದು ಸೇರಿದ ಮೊಟ್ಟೆ ಗಂಡಾಗುತ್ತದೆ. ಈ ಪುಟ್ಟದನ್ನೇ ಈಗ ವೈ ಎನ್ನುವುದು. ಅಲ್ಲಿಯವರೆಗೆ ಹೆಣ್ಣೋ ಗಂಡೋ ಎಂಬುದು ತಾಯಿಯ ಆಹಾರದಿಂದಲೋ ಹವೆಯಿಂದಲೋ ತೀರ್ಮಾನವಾಗುತ್ತದೆ ಎಂದು ನಂಬಿದವರು ಬಹಳ ಜನ. ಸ್ಟೀವನ್ಸ್ ಎಣಿಸಿ ತೋರಿಸಿದರು. ಅದೇ ವರ್ಷ ಅಮೆರಿಕದ ಇನ್ನೊಬ್ಬ ಜೀವವಿಜ್ಞಾನಿ ಎಡ್ಮಂಡ್ ವಿಲ್ಸನ್ ಕೂಡ ಬೇರೆ ಕೀಟಗಳಲ್ಲಿ ಇದೇ ದಿಕ್ಕಿನ ಫಲಿತಾಂಶ ಕಂಡರು. ಬಹಳ ಕಾಲ ಹೆಸರು ಜಾಸ್ತಿ ಸಿಕ್ಕಿದ್ದು ವಿಲ್ಸನ್ನರಿಗೆ. ಪುಟ್ಟ ಕ್ರೋಮೋಸೋಮಿನ ಪಾತ್ರವನ್ನು ಅಷ್ಟು ನೇರವಾಗಿ ಹಿಡಿದದ್ದು ಸ್ಟೀವನ್ಸ್ ಅವರೇ. ಈ ಮಾತನ್ನು ಒತ್ತಿ ಹೇಳಲೇಬೇಕು.

ಸ್ಟೀವನ್ಸ್ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಜೀವವಿಜ್ಞಾನಿ ಥಿಯೋಡೋರ್ ಬೊವೆರಿ ಅವರ ಲ್ಯಾಬಿನಲ್ಲೂ ಕೆಲಸ ಮಾಡಿದ್ದರು. ಬೊವೆರಿ ಕಡಲ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಒಂದು ಮೊಟ್ಟೆಗೆ ಎರಡು ವೀರ್ಯಾಣು ಸೇರುವಂತೆ ಮಾಡಿ, ಕ್ರೋಮೋಸೋಮ್ ಹಂಚಿಕೆ ತಪ್ಪಿದರೆ ಏನಾಗುತ್ತದೆ ಎಂದು ನೋಡುತ್ತಿದ್ದವರು. ಹಂಚಿಕೆ ತಪ್ಪಿದ ಭ್ರೂಣಗಳು ಹೆಚ್ಚಾಗಿ ಕೆಟ್ಟುಹೋಗುತ್ತಿದ್ದವು. ಇದರಿಂದ ಅವರಿಗೆ ಹೊಳೆದ ವಿಚಾರವನ್ನು 1914ರಲ್ಲಿ ಪುಸ್ತಕವಾಗಿ ಬರೆದರು: ಕ್ಯಾನ್ಸರ್ ಗಡ್ಡೆ ಕೂಡ ಕ್ರೋಮೋಸೋಮ್ ಏರುಪೇರಾದ ಒಂದೇ ಒಂದು ಜೀವಕೋಶದಿಂದ ಹುಟ್ಟಬಹುದು. ನೋಡಿ, ಲಿಂಗ ಹೇಗೆ ನಿರ್ಧಾರವಾಗುತ್ತದೆ, ಕ್ಯಾನ್ಸರ್ ಹೇಗೆ ಹುಟ್ಟುತ್ತದೆ, ಈ ಎರಡೂ ಪ್ರಶ್ನೆ ಒಂದೇ ಬಳಗದಲ್ಲಿ ಹುಟ್ಟಿದವು. ಆ ಪುಸ್ತಕ ಬರುವ ಹೊತ್ತಿಗೆ ಸ್ಟೀವನ್ಸ್ ಇರಲಿಲ್ಲ. 1912ರಲ್ಲಿ, 50ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತ್ತು. ಪುಸ್ತಕ ಬಂದ ಮರು ವರ್ಷ, 1915ರಲ್ಲಿ, ಬೊವೆರಿಯೂ ತೀರಿಕೊಂಡರು.

ಆಮೇಲೆ ಎರಡೂ ಪ್ರಶ್ನೆಗಳು ದೂರವಾದವು. ಮನುಷ್ಯರ ಕ್ರೋಮೋಸೋಮ್ ಎಷ್ಟು ಎಂಬುದನ್ನೇ 1956ರವರೆಗೆ 48 ಎಂದು ತಪ್ಪಾಗಿ ನಂಬಲಾಗಿತ್ತು. ಸರಿಯಾದ ಸಂಖ್ಯೆ 46. ಎಣಿಕೆಯೇ ಗಟ್ಟಿಯಿಲ್ಲದಾಗ ಗಡ್ಡೆಯೊಳಗೆ ಒಂದು ಹೆಚ್ಚಿದೆ, ಒಂದು ಕಡಿಮೆಯಿದೆ ಎಂದು ಹೇಳುವುದು ಹೇಗೆ? ಹಣ್ಣಿನ ನೊಣದ ಪಾಠವೂ ದಾರಿ ತಪ್ಪಿಸಿತು. ಎರಡು ಎಕ್ಸ್ ಜೊತೆ ಒಂದು ವೈ ಇದ್ದರೂ ಆ ನೊಣ ಹೆಣ್ಣೇ. ಹಾಗಾಗಿ ವೈಗೆ ಲಿಂಗ ನಿರ್ಧಾರದಲ್ಲಿ ಕೆಲಸವಿಲ್ಲ ಎಂಬ ಭಾವನೆ ಬೆಳೆಯಿತು. ಮನುಷ್ಯರಲ್ಲಿ ಹಾಗಲ್ಲ ಎಂದು ಗೊತ್ತಾಗಿದ್ದು 1959ರಲ್ಲಿ. ಎರಡು ಎಕ್ಸ್, ಒಂದು ವೈ ಇದ್ದವರು ಗಂಡಸರು. ಒಂದೇ ಎಕ್ಸ್ ಇದ್ದು ವೈ ಇಲ್ಲದವರು ಹೆಂಗಸರು.

ಹಾಗಾದರೆ ವೈ ಮೇಲಿನ ಯಾವ ಜೀನ್ ಈ ಕೆಲಸ ಮಾಡುತ್ತದೆ? 1987ರಲ್ಲಿ ಒಂದು ಜೀನ್ ಸಿಕ್ಕಿತು ಎಂದುಕೊಂಡರು. ಅದಲ್ಲ ಎಂದು ಬೇಗನೇ ತಿಳಿಯಿತು. 1990ರಲ್ಲಿ ಲಂಡನ್ನಿನ ಪೀಟರ್ ಗುಡ್‌ಫೆಲೋ ಮತ್ತು ರಾಬಿನ್ ಲವೆಲ್ ಬ್ಯಾಡ್ಜ್ ತಂಡಗಳು ಎಸ್ಆರ್‌ವೈ ಎಂಬ ಜೀನ್ ಹಿಡಿದವು. ಮರು ವರ್ಷ, ಎರಡು ಎಕ್ಸ್ ಇದ್ದ ಇಲಿ ಭ್ರೂಣಕ್ಕೆ ಈ ಜೀನ್ ಸೇರಿಸಿದಾಗ ಅದು ಗಂಡಾಗಿ ಬೆಳೆಯಿತು. ಎಸ್ಆರ್‌ವೈ ಭ್ರೂಣದಲ್ಲಿ ಸ್ವಲ್ಪ ಕಾಲ ಮಾತ್ರ ಚಾಲೂ ಆಗಿ ಸಾಕ್ಸ್9 ಎಂಬ ಇನ್ನೊಂದು ಜೀನನ್ನು ಎಬ್ಬಿಸುತ್ತದೆ. ಅಲ್ಲಿಂದ ವೃಷಣ ರೂಪುಗೊಳ್ಳುತ್ತದೆ. ಇಲ್ಲಿಗೆ ವೈ ಕೆಲಸ ಮುಗಿಯಿತು, ಹೆಣ್ಣೋ ಗಂಡೋ ಎಂಬುದು ಭ್ರೂಣದಲ್ಲೇ ಒಮ್ಮೆಗೇ ತೀರ್ಮಾನವಾಯಿತು ಎಂದೇ ಬಹಳ ಮಂದಿ ಭಾವಿಸಿದರು.

ಆ ನಂಬಿಕೆಗೆ ಪೆಟ್ಟು ಕೊಟ್ಟಿದ್ದು 2009. ಫಾಕ್ಸ್ಎಲ್2 ಎಂಬ ಜೀನ್ ಅಂಡಾಶಯಕ್ಕೆ ಬೇಕಾದದ್ದು. ಬೆಳೆದ ಹೆಣ್ಣಿಲಿಯ ಅಂಡಾಶಯದಲ್ಲಿ ಇದನ್ನು ತೆಗೆದುಹಾಕಿದರೆ, ಅಲ್ಲಿನ ಜೀವಕೋಶಗಳು ವೃಷಣದ ಜೀವಕೋಶಗಳಂತೆ ಬದಲಾಗಿ ಟೆಸ್ಟೋಸ್ಟಿರಾನ್ ಮಾಡತೊಡಗಿದವು. ಅಂದರೆ ಅಂಡಾಶಯವು ಅಂಡಾಶಯವಾಗಿಯೇ ಉಳಿಯಲು ಜೀವನಪೂರ್ತಿ ದುಡಿಯುತ್ತಿರಬೇಕು! ಅದೇ ವರ್ಷ ಕೆನಡಾದ ವ್ಯಾಂಕೂವರ್‌ನ ತಂಡವೊಂದು ಅಂಡಾಶಯದ ಒಂದು ಬಗೆಯ ಕ್ಯಾನ್ಸರನ್ನು ಪರೀಕ್ಷಿಸಿತು. ದೊಡ್ಡವರಿಗೆ ಬರುವ ಗ್ರ್ಯಾನುಲೋಸಾ ಕೋಶದ ಗಡ್ಡೆ ಅದು. 89 ಗಡ್ಡೆಗಳಲ್ಲಿ 86ರಲ್ಲಿ ಇದೇ ಫಾಕ್ಸ್ಎಲ್2 ಜೀನಿನ ಒಂದೇ ಜಾಗದಲ್ಲಿ, ಡಿಎನ್ಎಯ ಒಂದೇ ಅಕ್ಷರ ಬದಲಾಗಿತ್ತು. ಕ್ಯಾನ್ಸರಿನಲ್ಲಿ ಇಷ್ಟು ಏಕರೂಪದ ತಪ್ಪು ಸಿಗುವುದು ತೀರಾ ವಿರಳ. ನನ್ನ ಮಟ್ಟಿಗೆ ಎರಡು ಪ್ರಶ್ನೆಗಳು ಮತ್ತೆ ಒಂದೆಡೆ ಸೇರಿದ ವರ್ಷ ಇದೇ.

ಎಕ್ಸ್ ಕಡೆಯಿಂದಲೂ ಇಂಥದ್ದೇ ಸುಳಿವು ಬರುತ್ತಿತ್ತು. ಹೆಂಗಸರ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳ ಪೈಕಿ ಒಂದು ಮುದುಡಿಕೊಂಡು ಸುಮ್ನೆ ಇರುತ್ತದೆ ಎಂದು 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್ ಹೇಳಿದರು. ಆದರೆ ಅದರ ಎಲ್ಲ ಜೀನ್‌ಗಳೂ ಮಲಗುವುದಿಲ್ಲ. ಕೆಲವು ಎರಡೂ ಪ್ರತಿಗಳಿಂದ ಕೆಲಸ ಮಾಡುತ್ತವೆ. ಅವುಗಳಲ್ಲಿ ಗಡ್ಡೆಯನ್ನು ತಡೆಯುವ ಜೀನ್‌ಗಳೂ ಇವೆ. ಕೆಡಿಎಂ6ಎ ಅಂಥದ್ದೊಂದು. ಹೆಂಗಸರಲ್ಲಿ ಒಂದು ಪ್ರತಿ ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಸರಲ್ಲಿರುವುದು ಒಂದೇ ಎಕ್ಸ್. 2017ರಲ್ಲಿ 21 ಬಗೆಯ ಕ್ಯಾನ್ಸರ್‌ಗಳ ಮಾಹಿತಿಯನ್ನು ಜಾಲಾಡಿ ಇಂಥ ಆರು ಜೀನ್‌ಗಳನ್ನು ಗುರುತಿಸಿದರು. ಮೂತ್ರಕೋಶದ ಕ್ಯಾನ್ಸರ್ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ. ಸಿಗರೇಟು, ಕೆಲಸದ ಜಾಗದ ರಾಸಾಯನಿಕಗಳು ಕಾರಣ ಅಂತ ಹೇಳುತ್ತಿದ್ದೆವು, ಅಲ್ವಾ? ಅದು ನಿಜವೇ, ಆದರೆ ಪೂರ್ತಿ ಉತ್ತರವಲ್ಲ.

ಇನ್ನು ಕಳೆದುಹೋಗುವ ವೈ. 2014ರಲ್ಲಿ ಸ್ವೀಡನ್ನಿನ ಉಪ್ಸಾಲಾ ತಂಡ 1,153 ವಯಸ್ಸಾದ ಗಂಡಸರ ರಕ್ತ ನೋಡಿತು. ಗಣನೀಯ ಪ್ರಮಾಣದಲ್ಲಿ ವೈ ಕಳೆದುಕೊಂಡವರು ಉಳಿದವರಿಗಿಂತ ಸರಾಸರಿ 5.5 ವರ್ಷ ಕಡಿಮೆ ಬದುಕಿದ್ದರು, ಕ್ಯಾನ್ಸರಿನಿಂದ ಸಾಯುವ ಅಪಾಯವೂ ಹೆಚ್ಚಿತ್ತು. ಸಿಗರೇಟು ಸೇದುವವರಲ್ಲಿ ಈ ನಷ್ಟ ಹೆಚ್ಚು ಎಂದು ಬಳಿಕ ತಿಳಿಯಿತು. ಆದರೂ ಇದು ಕಾರಣವೋ, ಬರೀ ಗುರುತೋ ಎಂಬ ಅನುಮಾನ ಉಳಿಯಿತು. ಹಳೇ ರೂಢಿಯೊಂದು ಇಲ್ಲಿ ಬಹಳ ಕೆಡುಕು ಮಾಡಿದೆ ಎಂದು ನನಗನ್ನಿಸುತ್ತದೆ. ಇಡೀ ಜೀನೋಮ್, ಅಂದರೆ ಡಿಎನ್ಎಯನ್ನು ಪೂರ್ತಿ, ಹುಡುಕುವ ಎಷ್ಟೋ ಅಧ್ಯಯನಗಳಲ್ಲಿ, ಲೆಕ್ಕ ಕಷ್ಟ ಎಂಬ ಕಾರಣಕ್ಕೆ ಎಕ್ಸ್ ಮತ್ತು ವೈಯನ್ನೇ ಪಕ್ಕಕ್ಕಿಡುತ್ತಿದ್ದರು. ವೈಯ ಅಕ್ಷರಗಳನ್ನು ತುದಿಯಿಂದ ತುದಿಗೆ ಓದಿ ಮುಗಿಸಿದ್ದೇ 2023ರಲ್ಲಿ. ಹಾಗೆ ಬಿಟ್ಟದ್ದಕ್ಕೆ ಬೆಲೆ ತೆತ್ತವರು ರೋಗಿಗಳು.

ಅದೇ 2023ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನಾಯ್ ತಂಡ ಇಲಿಗಳಲ್ಲಿ ಒಂದು ಕಾರಣ ತೋರಿಸಿತು. ವೈ ಕಳೆದುಕೊಂಡ ಮೂತ್ರಕೋಶದ ಗಡ್ಡೆ ಬೇಗ ಬೆಳೆಯುತ್ತದೆ. ತನ್ನನ್ನು ಕೊಲ್ಲಲು ಬರುವ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಅದು ದಣಿಸಿ ಸುಸ್ತು ಮಾಡುತ್ತದೆ. ಆದರೆ ಟಿ ಕೋಶಗಳನ್ನು ಮತ್ತೆ ಎಬ್ಬಿಸುವ ಇಮ್ಯುನೋಥೆರಪಿ ಔಷಧಿಗೆ ಅದೇ ಗಡ್ಡೆ ಹೆಚ್ಚು ಬಗ್ಗುತ್ತದೆ. ಹಾಗಂತ ವೈ ಇದ್ದರೆ ಕ್ಷೇಮ ಎಂದೂ ಹೇಳುವಂತಿಲ್ಲ. ಅದೇ ವರ್ಷ ಅಮೆರಿಕದ ಇನ್ನೊಂದು ತಂಡ, ಒಂದು ಬಗೆಯ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ವೈ ಮೇಲಿನ ಕೆಡಿಎಂ5ಡಿ ಜೀನ್ ಅತಿಯಾಗಿ ದುಡಿದು, ಗಡ್ಡೆ ಹರಡಲು ನೆರವಾಗುವುದನ್ನು ಕಂಡಿತು. ಒಂದು ಕಡೆ ವೈ ಹೋಗಿದ್ದರಿಂದ ಕೇಡು, ಇನ್ನೊಂದು ಕಡೆ ಇದ್ದದ್ದರಿಂದ ಕೇಡು.

2025ರಲ್ಲಿ ಮತ್ತೊಂದು ಫಲಿತಾಂಶ ಬಂತು. ಗಡ್ಡೆಯಲ್ಲಿ ಮಾತ್ರವಲ್ಲ, ಅದರೊಳಗೆ ಹೊಕ್ಕ ಟಿ ಕೋಶಗಳಲ್ಲೂ ವೈ ಇಲ್ಲದಿದ್ದರೆ ರೋಗಿಯ ಸ್ಥಿತಿ ಇನ್ನೂ ಕೆಡುತ್ತದೆ. ಕೆಲವು ಚಿಕಿತ್ಸೆಗಳಲ್ಲಿ ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ಬೆಳೆಸಿ ಮೈಗೆ ವಾಪಸ್ ಕೊಡುತ್ತಾರೆ. ಹಾಗೆ ಕೊಡುವ ಮುಂಚೆ ಆ ಕೋಶಗಳಲ್ಲಿ ವೈ ಇದೆಯೋ ಇಲ್ಲವೋ ಎಂದು ನೋಡಬೇಕೇ ಎಂಬುದು ಈಗ ಸಂಶೋಧಕರ ಮುಂದಿರುವ ಪ್ರಶ್ನೆ.