ಯುದ್ಧಕ್ಕೆ ಹೋಗದ ಪೈಲಟ್‌ನ ಕಾಗದಗಳಲ್ಲಿ ಏನಿರುತ್ತದೆ?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ನೌಕಾಪಡೆಯ ಪೈಲಟ್‌ಗಳ ಲಾಗ್‌ಬುಕ್, ಪತ್ರ, ಆದೇಶಗಳನ್ನು ಅಲ್ಲಿನ ಗ್ರಂಥಾಲಯಗಳು ಪೆಟ್ಟಿಗೆಗಟ್ಟಲೆ ಜೋಪಾನ ಮಾಡಿವೆ. ಕಾದಾಡಿದವರದ್ದಾದರೆ ಸರಿ. ದೇಶದೊಳಗೇ ಉಳಿದು ಹುಡುಗರಿಗೆ ಹಾರಲು ಕಲಿಸಿದವರ ಕಾಗದಗಳಲ್ಲಿ ಇಟ್ಟುಕೊಳ್ಳುವಂಥದ್ದು ಏನಿರುತ್ತದೆ?

ಉತ್ತರ: ನನ್ನನ್ನು ಕೇಳಿದರೆ, ಕಾದಾಡಿದವರ ಪೆಟ್ಟಿಗೆಗಿಂತ ಕಲಿಸಿದವರ ಪೆಟ್ಟಿಗೆಯಲ್ಲೇ ಎಷ್ಟೋ ಸಲ ಹೆಚ್ಚು ಸಿಗುತ್ತದೆ. ಹುಡುಕುವುದು ಎಲ್ಲಿ ಅಂತ ಗೊತ್ತಿರಬೇಕು, ಅಷ್ಟೇ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಲಾಗ್‌ಬುಕ್. ಕಿರಾಣಿ ಅಂಗಡಿಯ ಖಾತೆ ಪುಸ್ತಕದಷ್ಟೇ ನೀರಸವಾಗಿ ಕಾಣುತ್ತದೆ. ತಾರೀಕು, ವಿಮಾನದ ಮಾದರಿ, ಅದರ ನಂಬರು, ಹಾರಿದ ಹೊತ್ತು, ಹಾರಾಟದ ಬಗೆ, ಪೈಲಟ್ ಯಾರು, ಜತೆಗಿದ್ದವರು ಯಾರು, ಕೊನೆಗೆ ಷರಾ. ತಿಂಗಳು ಮುಗಿದಾಗ ಮೊತ್ತ ಹಾಕಿ ಅಧಿಕಾರಿಯ ರುಜು. ಹೊಸಬರು ಎಡವುವುದು ಹೊತ್ತಿನ ಕಾಲಂನಲ್ಲಿ. ಅಲ್ಲಿ 1.3 ಎಂದಿದ್ದರೆ ಒಂದು ಗಂಟೆ ಮೂವತ್ತು ನಿಮಿಷ ಅಲ್ಲ, ಒಂದು ಗಂಟೆ ಹದಿನೆಂಟು ನಿಮಿಷ. ಗಂಟೆಯನ್ನು ಹತ್ತು ಭಾಗ ಮಾಡಿ ಬರೆಯುವ ರೂಢಿ. ಮಾದರಿಯ ಕಾಲಂನಲ್ಲಿರುವ ಅಕ್ಷರಗಳಿಗೂ ಲೆಕ್ಕವಿದೆ. ಎನ್2ಎಸ್ ಅಂದರೆ ಸ್ಟಿಯರ್‌ಮನ್ ಕಂಪನಿಯ ತರಬೇತಿ ವಿಮಾನ. ಟಿಬಿಎಫ್ ಅಂದರೆ ಗ್ರಮನ್ ಕಂಪನಿಯ ಟಾರ್ಪಿಡೊ ಬಾಂಬರ್. ಅದೇ ವಿಮಾನವನ್ನು ಜನರಲ್ ಮೋಟರ್ಸ್ ತಯಾರಿಸಿದ್ದರೆ ಟಿಬಿಎಂ.

ಕಾದಾಡಿದವನ ಲಾಗ್‌ಬುಕ್‌ನಲ್ಲೂ ಯುದ್ಧ ಇರುವುದು ಕೊಂಚವೇ. ಮುಂದೆ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರನ್ನೇ ನೋಡಿ. 1943ರ ಜೂನ್‌ನಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಪೈಲಟ್ ಬಿಲ್ಲೆ ಪಡೆದರು, 1944ರ ಸೆಪ್ಟೆಂಬರ್ 2ರಂದು ಜಪಾನಿನ ಚಿಚಿಜಿಮಾ ದ್ವೀಪದ ಬಳಿ ಅವರ ವಿಮಾನಕ್ಕೆ ಗುಂಡು ಬಿತ್ತು, ಫಿನ್‌ಬ್ಯಾಕ್ ಎಂಬ ಜಲಾಂತರ್ಗಾಮಿ ಅವರನ್ನು ಸಮುದ್ರದಿಂದ ಎತ್ತಿಕೊಂಡಿತು. ಅವರ ಲೆಕ್ಕದಲ್ಲಿ ಒಟ್ಟು 1,228 ಗಂಟೆ ಹಾರಾಟ, ಯುದ್ಧದ ಹಾರಾಟ 58. ಒಂದೊಂದಕ್ಕೆ ನಾಲ್ಕು ಗಂಟೆ ಹಿಡಿದರೂ 232 ಗಂಟೆ. ಮಿಕ್ಕಿದ್ದೆಲ್ಲ ಕಲಿಕೆ, ಅಭ್ಯಾಸ, ಓಡಾಟ. ಆ ವರ್ಷದ ಕೊನೆಗೆ ಅವರನ್ನೂ ವಾಪಸು ಕರೆಸಿ, ಹೊಸ ಟಾರ್ಪಿಡೊ ಪೈಲಟ್‌ಗಳನ್ನು ತಯಾರು ಮಾಡುವ ಕಡೆ ಹಾಕಿದರು.

ಇದು ಬುಷ್ ಒಬ್ಬರ ಕತೆಯಲ್ಲ, ನೌಕಾಪಡೆಯ ನೀತಿಯೇ ಹಾಗಿತ್ತು. 1942ರ ಜೂನ್‌ನಲ್ಲಿ ಜಪಾನ್ ವಿರುದ್ಧ ನಡೆದ ಮಿಡ್‌ವೇ ಕದನದಲ್ಲಿ ಹೆಸರು ಮಾಡಿದ ಪೈಲಟ್ ಜಾನ್ ಥ್ಯಾಚ್‌ರನ್ನು ಕೂಡಲೇ ಮರಳಿ ರಣರಂಗಕ್ಕೆ ಕಳಿಸದೆ, ಕಾದಾಡುವ ವರಸೆಗಳನ್ನು ಉಳಿದವರಿಗೆ ಕಲಿಸಲು ಕೂರಿಸಿದರು. ಜಪಾನ್ ಮಾತ್ರ ತನ್ನ ನುರಿತ ಪೈಲಟ್‌ಗಳನ್ನು ಬಹುಮಟ್ಟಿಗೆ ಮುಂಚೂಣಿಯಲ್ಲೇ ಇಟ್ಟುಕೊಂಡಿತು. ಅವರು ಸಾಯುತ್ತ ಹೋದಂತೆ ಅವರ ಅನುಭವವೂ ಅವರ ಜತೆಗೇ ಹೋಯಿತು. ಆ ವ್ಯತ್ಯಾಸದ ದಿನದಿನದ ಲೆಕ್ಕ ಯಾವ ಸೇನಾಪತಿಯ ನೆನಪಿನ ಬರಹದಲ್ಲೂ ಇರುವುದಿಲ್ಲ. ಬೋಧಕನ ಲಾಗ್‌ಬುಕ್‌ನಲ್ಲಿ ಇರುತ್ತದೆ: ಒಂದೇ ದಿನ ನಾಲ್ಕೈದು ಹಾರಾಟ, ಪ್ರತಿ ಸಲವೂ ಬೇರೆ ಹುಡುಗ, ಮಾರನೆಯ ದಿನ ಮತ್ತೆ ಅದೇ. ಕಾರ್ಪಸ್ ಕ್ರಿಸ್ಟಿ ಒಂದರಿಂದಲೇ ಯುದ್ಧ ಮುಗಿಯುವ ಹೊತ್ತಿಗೆ 35,000ಕ್ಕೂ ಹೆಚ್ಚು ಪೈಲಟ್‌ಗಳು ಹೊರಬಿದ್ದದ್ದು ಇಂಥ ಸಾಲುಗಳಿಂದ.

ಆ ಒಂದು ಸಾಲಿನೊಳಗೆ ನಡೆಯುತ್ತಿದ್ದದ್ದೇನು? ಸ್ಟಿಯರ್‌ಮನ್‌ಗೆ ಎರಡು ಜೋಡಿ ರೆಕ್ಕೆ, ಮೇಲೆ ಸೂರಿಲ್ಲ. ದೂರದಿಂದಲೇ ಕಂಡು ಉಳಿದವರು ದಾರಿ ಬಿಡಲಿ ಅಂತ ಹಳದಿ ಬಣ್ಣ. ಮುಂದಿನ ಸೀಟಿನಲ್ಲಿ ಬೋಧಕ, ಹಿಂದೆ ಶಿಷ್ಯ. ಇಬ್ಬರ ನಡುವೆ ರಬ್ಬರ್ ಕೊಳವೆ. ಬೋಧಕ ತನ್ನ ಬಾಯಿಯ ಹತ್ತಿರದ ಆಲಿಕೆಯಲ್ಲಿ ಮಾತಾಡಿದರೆ ಅದು ಶಿಷ್ಯನ ಟೋಪಿಯ ಕಿವಿಗಳಿಗೆ ತಲುಪುತ್ತಿತ್ತು. ಶಿಷ್ಯ ತಿರುಗಿ ಮಾತಾಡುವ ಏರ್ಪಾಡೇ ಇರಲಿಲ್ಲ! ಬೈಗುಳವಾದರೂ ಸರಿ, ಹೊಗಳಿಕೆಯಾದರೂ ಸರಿ, ತಲೆಯಾಡಿಸಬೇಕು. ಈ ಕೊಳವೆಗೆ ಗಾಸ್‌ಪೋರ್ಟ್ ಎಂದು ಹೆಸರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಊರಿನ ವಿಮಾನ ಶಾಲೆಯಿಂದ ಬಂದದ್ದು. ಇಳಿದ ಮೇಲೆ ಫಲಿತಾಂಶ ಎರಡೇ, ಹೆಬ್ಬೆರಳು ಮೇಲೆ ಇಲ್ಲವೇ ಕೆಳಗೆ. ಇಂಥ ಪೆಟ್ಟಿಗೆಗಳಲ್ಲಿ ಬೋಧಕ ಬರೆದ ಅಂಕದ ಚೀಟಿಗಳು ಉಳಿದಿದ್ದರೆ ಅವನ್ನು ಬಿಡದೆ ಓದಿ. ಒಬ್ಬ ಹುಡುಗ ಯಾಕೆ ಪಾಸಾದ, ಇನ್ನೊಬ್ಬ ಯಾಕೆ ಮನೆಗೆ ಹೋದ ಅನ್ನುವುದು ಆ ಎರಡು ಸಾಲಿನ ಷರಾದಲ್ಲಿದೆ.

ಇನ್ನು ಪತ್ರಗಳು. ಹಡಗಿನಿಂದ ಬರುವ ಪತ್ರಗಳನ್ನು ಅಧಿಕಾರಿಗಳು ಓದಿ, ಜಾಗ, ತಾರೀಕು, ಹಡಗಿನ ಹೆಸರು ಕಂಡರೆ ಕತ್ತರಿಸುತ್ತಿದ್ದರು. ಯುದ್ಧನೌಕೆಗಳಲ್ಲಿ ಡೈರಿ ಬರೆಯುವುದಕ್ಕೂ ನಿಷೇಧವಿತ್ತು (ಕದ್ದು ಬರೆದವರೇನೂ ಕಡಿಮೆಯಿಲ್ಲ). ಹಾಗಾಗಿ ರಣರಂಗದ ಪತ್ರಗಳಲ್ಲಿ ಹವೆ, ಊಟ, ‘ನಾನು ಚೆನ್ನಾಗಿದ್ದೇನೆ’ ಇವಿಷ್ಟೇ ಹೆಚ್ಚು. ದೇಶದೊಳಗಿನ ಅಂಚೆಗೆ ಸಾಮಾನ್ಯವಾಗಿ ಆ ಕತ್ತರಿ ಇರಲಿಲ್ಲ. ಫ್ಲಾರಿಡಾದ ಪೆನ್ಸಕೋಲದಿಂದಲೋ ಜಾಕ್ಸನ್‌ವಿಲ್‌ನಿಂದಲೋ ಬರೆಯುತ್ತಿದ್ದ ಬೋಧಕ ಬಾಯಿಬಿಟ್ಟು ಬರೆಯಬಹುದಿತ್ತು: ಯಾವ ಶಿಷ್ಯ ದಡ್ಡ, ಯಾವ ಇಂಜಿನ್ ಕೈಕೊಟ್ಟಿತು, ಯಾರ ಅಂತ್ಯಕ್ರಿಯೆಗೆ ಹೋಗಿ ಬಂದೆ. ಬೋಧಕರ ಪೆಟ್ಟಿಗೆ ಹೆಚ್ಚು ಮಾತಾಡುತ್ತದೆ ಎಂದು ನಾನು ಹೇಳಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ಅಂತ್ಯಕ್ರಿಯೆ ಅಂದದ್ದು ಸುಮ್ಮನೆ ಅಲ್ಲ. ಮಿಡ್‌ವೇಯಲ್ಲಿ ಡೇನಿಯಲ್ ಐವರ್‌ಸನ್ ಎಂಬ ಮರೀನ್ ಪೈಲಟ್ ಹಾರಿಸಿದ ಡಾಂಟ್‌ಲೆಸ್ ಬಾಂಬರ್‌ನಲ್ಲಿ, ಇಳಿದ ಮೇಲೆ ಎಣಿಸಿದಾಗ 219 ತೂತು. ಅದರಲ್ಲಿ ಬದುಕಿ ಬಂದ ಆತ 1944ರಲ್ಲಿ ಫ್ಲಾರಿಡಾದಲ್ಲಿ ತರಬೇತಿ ಹಾರಾಟದ ಅಪಘಾತದಲ್ಲಿ ಸತ್ತ. ವಿಮಾನದ ಕತೆ ಇನ್ನೂ ಸೋಜಿಗದ್ದು. ರಿಪೇರಿಯಾಗಿ ತರಬೇತಿಗೆ ಬಂದು, 1943ರಲ್ಲಿ ಯಾರೋ ಕಲಿಯುವವನ ಕೈಯಲ್ಲಿ ಮಿಶಿಗನ್ ಸರೋವರಕ್ಕೆ ಬಿತ್ತು. ದಶಕಗಳ ನಂತರ ಮೇಲೆತ್ತಿದಾಗ ಇದೇ ಆ ಮಿಡ್‌ವೇ ವಿಮಾನ ಎಂದು ತಿಳಿದದ್ದು 2106 ಎಂಬ ಅದರ ನಂಬರಿನಿಂದ. ಆಮೇಲೆ ಅದನ್ನು ಪೆನ್ಸಕೋಲದ ಮ್ಯೂಸಿಯಂನಲ್ಲಿ ಇಟ್ಟರು. ಲಾಗ್‌ಬುಕ್‌ನಲ್ಲಿ ವಿಮಾನದ ನಂಬರಿನ ಕಾಲಂ ಅನ್ನು ಹಾರಿಸಿಕೊಂಡು ಓದಬೇಡಿ ಅನ್ನುವುದು ಇದಕ್ಕೇ.

ಸರೋವರದಲ್ಲಿ ಬಾಂಬರ್‌ಗೆ ಏನು ಕೆಲಸ ಅಂತ ಅನ್ನಿಸಿದರೆ ಸಹಜ. ಷಿಕಾಗೊ ಹತ್ತಿರದ ಹಾರಾಟದ ಸಾಲಿನಲ್ಲಿ ವಿಮಾನವಾಹಕ ನೌಕೆಯ ಹೆಸರು ಕಂಡು, ಬರೆದವರದ್ದೇ ತಪ್ಪಿರಬೇಕು ಎಂದುಕೊಳ್ಳುವವರಿದ್ದಾರೆ. ತಪ್ಪಲ್ಲ. ವುಲ್ವರೀನ್, ಸೇಬಲ್ ಎಂಬ ಎರಡು ಹಳೆಯ ಪ್ರವಾಸಿ ಹಡಗುಗಳ ಮೇಲೆ ಓಡುದಾರಿ ಹಾಸಿ ನೌಕಾಪಡೆ ಅಭ್ಯಾಸಕ್ಕೆ ಇಟ್ಟುಕೊಂಡಿತ್ತು. ಕಲ್ಲಿದ್ದಲು ಉರಿಸಿ, ಪಕ್ಕದ ಚಕ್ರ ತಿರುಗಿಸಿಕೊಂಡು ಸಾಗುವ ವಿಮಾನವಾಹಕ ನೌಕೆಗಳು! ಶತ್ರುವಿನ ಜಲಾಂತರ್ಗಾಮಿಗಳು ಅಲ್ಲಿಗೆ ಬರುವಂತಿರಲಿಲ್ಲ. 17,000ಕ್ಕೂ ಹೆಚ್ಚು ಪೈಲಟ್‌ಗಳು ಹಡಗಿನ ಮೇಲೆ ಇಳಿಯಲು ಕಲಿತದ್ದು ಅಲ್ಲಿ.

ಇನ್ನೊಂದು ಕಟ್ಟು ಇರುತ್ತದೆ, ಯಾರೂ ಬಿಚ್ಚಲು ಇಷ್ಟಪಡದ್ದು: ವರ್ಗಾವಣೆ ಆದೇಶಗಳು. ಪ್ರತಿ ಆದೇಶದ ಮೇಲೂ ಎಂದು ಬಿಡುಗಡೆ, ಎಂದು ಹಾಜರು ಎಂಬ ಮೊಹರುಗಳಿರುತ್ತವೆ. ತಾರೀಕಿಲ್ಲದ ಪತ್ರ, ಹೆಸರಿಲ್ಲದ ಫೋಟೊಗಳನ್ನು ಸರಿಯಾದ ಊರಿಗೂ ತಿಂಗಳಿಗೂ ಕೂರಿಸಲು ಇವೇ ಆಧಾರ. ಯಾವ ಕಾಗದ ಯಾವ ಆದೇಶದ ಜತೆಗಿತ್ತು ಅನ್ನುವುದೂ ಒಂದು ಸುಳಿವು. ಆದ್ದರಿಂದಲೇ ಪತ್ರಾಗಾರದವರು ಕಾಗದಗಳು ಬಂದ ಕ್ರಮವನ್ನು ಆದಷ್ಟೂ ಕದಲಿಸುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ, ಅಲ್ಲಿನ ಬಂಧುಗಳ ಮನೆಯಲ್ಲಿ ಇಂಥ ಪೆಟ್ಟಿಗೆ ಕಂಡರೆ ಒಂದೆರಡು ಮಾತು. ಲ್ಯಾಮಿನೇಷನ್ ಮಾಡಿಸಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ. ಫೋಟೊ ಹಿಂದೆ ಬರೆಯಬೇಕಾದರೆ ಪೆನ್ನು ಬೇಡ, ಮೆತ್ತನೆಯ ಪೆನ್ಸಿಲ್. ಸರಕಾರದ ಸೇವಾ ಕಡತ ಇರುವುದು ಸೇಂಟ್ ಲೂಯಿಸ್‌ನಲ್ಲಿ. 1973ರ ಜುಲೈನಲ್ಲಿ ಅಲ್ಲಿ ಬೆಂಕಿ ಬಿದ್ದು ಭೂಸೇನೆ ಮತ್ತು ವಾಯುಪಡೆಯ ಲಕ್ಷಾಂತರ ಕಡತಗಳು ಸುಟ್ಟವು, ನೌಕಾಪಡೆಯವು ಆ ಬೆಂಕಿಗೆ ಸಿಗಲಿಲ್ಲ. ಸೇವೆ ಬಿಟ್ಟು 62 ವರ್ಷ ದಾಟಿದವರ ಕಡತವನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಆ ಯುದ್ಧ ಮುಗಿದಾಗ ಸೇವೆ ಬಿಟ್ಟವರದ್ದೆಲ್ಲ ಆ ಲೆಕ್ಕಕ್ಕೆ ಬರುತ್ತದೆ. ಅರ್ಜಿಯಲ್ಲಿ ಪೂರ್ತಿ ಹೆಸರಿನ ಜತೆ ಸೇವಾ ಸಂಖ್ಯೆಯನ್ನೂ ಬರೆದರೆ ಹುಡುಕುವುದು ಸಲೀಸು. ಆ ಸಂಖ್ಯೆ ಸಾಮಾನ್ಯವಾಗಿ ಮೇಲೆ ಹೇಳಿದ ಆದೇಶಗಳ ಮೇಲೇ ಟೈಪಾಗಿರುತ್ತದೆ.